ಶತ್ರುವನ್ನು ಅಭ್ಯರ್ಥಿಯೇ ಕರೆತರತಕ್ಕದ್ದು

ಒಂಬತ್ತು ವರ್ಷ ಸತತವಾಗಿ ನಾನೇ ಮೊದಲು ಬಂದಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಮುಂದೆ ನಡೆದದ್ದನ್ನು ಕೇಳಿದವರು ನನಗೆ ಓದು ತಲೆಗೆ ಹತ್ತುವುದಿಲ್ಲ ಎಂದುಕೊಂಡಾರು. ನಮ್ಮ ಕ್ರೈಸ್ತ ಸಭೆಯಲ್ಲಿ ವರ್ಷಕ್ಕೊಂದು ಸಲ ವಾಕ್ಯ ಪರೀಕ್ಷೆ, ಅಂದರೆ ಬೈಬಲ್ಲಿನ ಪರೀಕ್ಷೆ, ನಡೆಯುತ್ತದೆ. ಮೂರು ಗಂಟೆ, ನೂರು ಪ್ರಶ್ನೆ. ಯಾವ ರಾಜನ ಮಗ ಯಾರು, ಯಾವ ಪ್ರವಾದಿ ಎಲ್ಲಿ ಅಡಗಿದ್ದ, ಗುಡಾರದ ಪರದೆ ಎಷ್ಟು ಮೊಳ, ಎಲ್ಲವೂ ನನಗೆ ಅಂಗೈ ಗೆರೆಯಷ್ಟು ಪರಿಚಿತ. ಯಾರಾದರೂ ನೆಗಡಿ ಎಂದರೆ ಸಾಕು, ಅದಕ್ಕೊಂದು ವಚನ ಹೇಳಿ, ಅಧ್ಯಾಯ ಎಷ್ಟನೆಯದೆಂಬುದನ್ನೂ ಸೇರಿಸುತ್ತಿದ್ದೆ. ಅದಕ್ಕೇ ಸಭೆಯವರು ನನ್ನನ್ನು ಅಧ್ಯಾಯದಮ್ಮ ಎಂದು ಕರೆಯುತ್ತಿದ್ದರು. ಪ್ರೀತಿಯಿಂದ ಕರೆಯುತ್ತಾರೆಂದು ನಾನು ತಿಳಿದಿದ್ದೆ.

ಹೊಟ್ಟೆಪಾಡಿಗೆ ನಾನು ಹಲ್ಲು ಮಾಡುತ್ತೇನೆ. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾನು ಅದರ ಮೇಲೆ ಮೇಣದ ಒಸಡು ಕಟ್ಟಿ, ಹಲ್ಲು ಜೋಡಿಸಿ, ಬೇಯಿಸಿ, ಉಜ್ಜಿ ಹೊಳಪು ಕೊಟ್ಟು ವಾಪಸ್ ಕಳಿಸುತ್ತೇನೆ. ಮುಂದಿನ ಕೋಣೆಯ ಗಾಜಿನ ಕಪಾಟಿನಲ್ಲಿ ಮೇಲಿನ ಸಾಲಿಗೆ ಹಲ್ಲುಸೆಟ್ಟುಗಳು, ಕೆಳಗಿನ ಸಾಲಿಗೆ ನನ್ನ ಒಂಬತ್ತು ಫಲಕಗಳು. ಹತ್ತು ವರ್ಷ ಸತತವಾಗಿ ಮೊದಲು ಬಂದವರಿಗೆ ಜೀವ ಇರುವವರೆಗೂ ಪ್ರಶ್ನೆಪತ್ರಿಕೆ ತಯಾರಿಸುವ ಹಕ್ಕು ಸಿಗುತ್ತದೆ. ಆ ಹಕ್ಕಿಗಾಗಿ ನಾನು ಎಷ್ಟು ಬಾಯಿ ಬಿಡುತ್ತಿದ್ದೆ ಎಂದರೆ, ಕೇಳಬೇಕಾದ ಪ್ರಶ್ನೆಗಳನ್ನು ಆಗಲೇ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದೆ. ಒಂದಕ್ಕಿಂತ ಒಂದು ಕಷ್ಟದವು.

ಹತ್ತನೆಯ ವರ್ಷ ಬಂದಾಗ ಸಭೆಗಳ ಮುಖ್ಯ ಕಚೇರಿಯವರು ಒಂದು ಹೊಸ ನಿಯಮ ತಂದರು. ಬರೆಯುವ ಪರೀಕ್ಷೆಗೆ ಇನ್ನು ಮೇಲೆ ಅರುವತ್ತೇ ಅಂಕ. ಉಳಿದ ನಲವತ್ತು ಪ್ರಾಯೋಗಿಕ ಪರೀಕ್ಷೆಗೆ. ಅದರಲ್ಲಿ ಪಾಸಾಗದಿದ್ದರೆ ಬರೆದದ್ದು ಲೆಕ್ಕಕ್ಕೇ ಇಲ್ಲ. ಅದನ್ನು ನಡೆಸಲು ಹೊರಗಿನಿಂದ ಒಬ್ಬ ಪರೀಕ್ಷಕರನ್ನೂ ಕಳಿಸಿದರು. ಅವರು ವಾಹನ ಪರವಾನಗಿ ಕಚೇರಿಯಲ್ಲಿ ಮೂವತ್ತು ವರ್ಷ ಜನರ ಕೈಲಿ ಗಾಡಿ ಓಡಿಸಿ ನೋಡಿ ನಿವೃತ್ತರಾದವರು. ಕಿತ್ತಳೆ ಬಣ್ಣದ ಶಂಕುಗಳನ್ನೂ ಸೀಟಿಯನ್ನೂ ಜೊತೆಯಲ್ಲೇ ತಂದಿದ್ದರು.

ನಾನು ಎದ್ದು ನಿಂತು ಆಕ್ಷೇಪ ಎತ್ತಿದೆ. ವಾಕ್ಯ ಬಲ್ಲವರಿಗೆ ಬೇರೆ ಪರೀಕ್ಷೆ ಏಕೆ ಎಂದು, ಮೂರು ವಚನಗಳ ಆಧಾರ ಸಮೇತ ಕೇಳಿದೆ. ಪರೀಕ್ಷಕರು ಪೂರ್ತಿ ಕೇಳಿಸಿಕೊಂಡರು. ರಸ್ತೆ ನಿಯಮ ಬಾಯಿಪಾಠ ಮಾಡಿದವರಿಗೆಲ್ಲ ತಾವು ಪರವಾನಗಿ ಕೊಟ್ಟಿದ್ದರೆ ಈ ಊರಿನಲ್ಲಿ ಒಂದು ಕಾಂಪೌಂಡು ಗೋಡೆಯೂ ನಿಂತಿರುತ್ತಿರಲಿಲ್ಲ ಎಂದರು. ಸಭೆ ನಕ್ಕಿತು. ನನ್ನ ಪಕ್ಕದಲ್ಲಿ ಕೂತಿದ್ದ ನಮ್ಮ ಯಜಮಾನರೂ ನಕ್ಕರು, ಅದನ್ನು ನಾನು ಮನೆಗೆ ಬಂದು ವಿಚಾರಿಸಿಕೊಂಡೆ.

ಪ್ರಾಯೋಗಿಕಕ್ಕೆ ಅವರು ಆರಿಸಿದ್ದು ಒಂದೇ ಪಾಠ. ಶತ್ರುವನ್ನು ಪ್ರೀತಿಸುವುದು. ಪ್ರತಿಯೊಬ್ಬರಿಗೂ ಒಂದೊಂದು ಅರ್ಜಿ ಹಂಚಿದರು. ಶತ್ರುವನ್ನು ಅಭ್ಯರ್ಥಿಯೇ ಕರೆತರತಕ್ಕದ್ದು. ಶತ್ರುವು ಜೀವಂತ ವ್ಯಕ್ತಿಯಾಗಿರತಕ್ಕದ್ದು. ಒಂದು ವರ್ಷಕ್ಕಿಂತ ಕಡಿಮೆ ಅವಧಿಯ ಶತ್ರುಗಳನ್ನು ಪರಿಗಣಿಸಲಾಗುವುದಿಲ್ಲ. ಕೆಳಗೆ ಶತ್ರುವಿನ ಭಾವಚಿತ್ರ ಅಂಟಿಸಲು ಒಂದು ಚೌಕ, ತಾನು ಶತ್ರು ಹೌದೆಂದು ಅವರು ಒಪ್ಪಿ ಸಹಿ ಹಾಕಲು ಒಂದು ಗೆರೆ. ಕೊಟ್ಟ ಸಮಯ ಎರಡು ವಾರ.

ಆ ಎರಡು ವಾರ ನಮ್ಮ ಸಭೆಯವರು ಪಟ್ಟ ಪಾಡು ಶತ್ರುಗಳಿಗೂ ಬೇಡ. ಅಷ್ಟು ವರ್ಷ ಪ್ರತಿ ಪ್ರಾರ್ಥನಾಕೂಟದಲ್ಲೂ ನನಗೆ ಯಾರ ಮೇಲೂ ಏನೂ ಇಲ್ಲ ಎನ್ನುತ್ತಿದ್ದವರು ಈಗ ಯಾರಾದರೂ ಒಬ್ಬರು ಸಿಗಲಿ ದೇವರೇ ಎಂದು ಬೇಡತೊಡಗಿದರು. ನಮ್ಮ ಸಭಾಪಾಲಕರು ಅರ್ಜಿಯಲ್ಲಿ ಸೈತಾನ ಎಂದು ಬರೆದು ಕೊಟ್ಟರು. ಭಾವಚಿತ್ರವಿಲ್ಲ, ಸಹಿಯಿಲ್ಲ ಎಂದು ಅರ್ಜಿ ಮಾರನೆಯ ದಿನವೇ ವಾಪಸ್ ಬಂತು. ಗಾಯನ ತಂಡದ ನಾಯಕಿಯೂ ಆರ್ಗನ್ ನುಡಿಸುವವರೂ ಹದಿನಾಲ್ಕು ವರ್ಷ ಒಂದೇ ವೇದಿಕೆಯ ಮೇಲೆ ನಗುನಗುತ್ತಾ ಇದ್ದವರು, ಒಬ್ಬರಿಗೆ ತಿಳಿಯದಂತೆ ಒಬ್ಬರು ಪರಸ್ಪರರ ಹೆಸರನ್ನೇ ಬರೆದಿದ್ದರು. ಇಬ್ಬರಿಗೂ ಬಹಳ ಅನುಕೂಲವಾಯಿತು. ಕ್ಷೌರದಂಗಡಿಯವರಿಗೆ ಎಷ್ಟು ಹುಡುಕಿದರೂ ಶತ್ರು ಸಿಗಲಿಲ್ಲ. ಪಾಪ, ಬೇಕೆಂದೇ ಇಬ್ಬರು ಮೂವರ ತಲೆ ಕೆಡಿಸಿ ನೋಡಿದರಂತೆ, ಆದರೆ ಒಂದು ವರ್ಷದ ನಿಯಮ ಅಡ್ಡ ಬಂತು. ಕೊನೆಗೆ ನಿವೃತ್ತ ಟೀಚರಮ್ಮ ಅವರಿಗೆ ಒಬ್ಬರನ್ನು ಕೊಟ್ಟು ಪುಣ್ಯ ಕಟ್ಟಿಕೊಂಡರು. ಟೀಚರಮ್ಮನ ಬಳಿ ಬೇಕಾದಷ್ಟಿದ್ದರು. ಹೇಗೆ ಕರೆದುಕೊಂಡು ಹೋಗುತ್ತೀರೋ ಹಾಗೇ ವಾಪಸ್ ತಂದು ಬಿಡಬೇಕು, ರಾಜಿ ಗೀಜಿ ಮಾಡಿಸಿ ಕೆಡಿಸಬಾರದು ಎಂಬ ಷರತ್ತಿನ ಮೇಲೆ ಕೊಟ್ಟರು.

ನನಗೆ ಹುಡುಕುವ ಕೆಲಸವೇ ಇರಲಿಲ್ಲ. ನನ್ನ ಶತ್ರು ಎರಡು ಬೀದಿ ಆಚೆ ಇದ್ದಳು. ಅವಳು ನನ್ನ ಒಡಹುಟ್ಟಿದ ಅಕ್ಕ.

ಸಂಗತಿ ಇಷ್ಟು. ಹನ್ನೊಂದು ವರ್ಷದ ಹಿಂದೆ ನಮ್ಮಮ್ಮ ಕೊನೆಯ ಕಾಯಿಲೆಯಲ್ಲಿ ಅಕ್ಕನ ಮನೆಯಲ್ಲಿದ್ದಳು. ನಾನು ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದೆ. ಒಂದು ದಿನ ಮಧ್ಯಾಹ್ನ ಅಕ್ಕ, ಇವತ್ತೇನೂ ಆಗಲ್ಲ, ಮನೆಗೆ ಹೋಗಿ ಸ್ನಾನ ಮಾಡಿ ಊಟ ಮಾಡಿಕೊಂಡು ಬಾ ಎಂದು ನನ್ನನ್ನು ಕಳಿಸಿದಳು. ಮೂರು ಗಂಟೆಗೆ ನಾನು ವಾಪಸ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅದರ ಮುಂದಿನ ಭಾನುವಾರ ಸಭೆಯವರು ಅಮ್ಮನ ಕೊನೆಯ ಗಳಿಗೆ ಹೇಗಿತ್ತು, ಸಾಕ್ಷಿ ಹೇಳಿ ಎಂದು ಅಕ್ಕನನ್ನು ಮುಂದೆ ಕರೆದರು. ಅಮ್ಮ ತನ್ನ ಕೈ ಹಿಡಿದುಕೊಂಡು, ದೊಡ್ಡವಳೇ ಎಂದು ಕರೆದು, ನಗುತ್ತಾ ಕಣ್ಣು ಮುಚ್ಚಿದಳು ಎಂದು ಅಕ್ಕ ಹೇಳಿದಳು. ಸಭೆಯೆಲ್ಲ ಕಣ್ಣೊರೆಸಿಕೊಂಡಿತು. ನಾನು ಎರಡನೆಯ ಬೆಂಚಿನಲ್ಲಿ ಕೂತಿದ್ದೆ. ದೊಡ್ಡವಳೇ ಅಂದಳಂತೆ. ಚಿಕ್ಕವಳು ಎಲ್ಲಿ ಎಂದು ಕೇಳಲಿಲ್ಲವಂತೆ. ಅಮ್ಮನ ಆ ಕೊನೆಯ ಮಾತನ್ನು ನನ್ನ ಪಾಲಿನಿಂದ ಅಕ್ಕ ಕಿತ್ತುಕೊಂಡಳು ಎಂದು ನನ್ನ ಹೊಟ್ಟೆಯಲ್ಲಿ ಬಿದ್ದ ಕಿಚ್ಚು ಮತ್ತೆ ಆರಲಿಲ್ಲ. ಆವತ್ತಿನಿಂದ ನಾನು ಅವಳ ಜೊತೆ ಮಾತು ಬಿಟ್ಟೆ. ಅವಳು ನಮ್ಮ ಸಭೆಗೆ ಬರುವುದನ್ನೇ ಬಿಟ್ಟಳು.

ಅರ್ಜಿ ಮುಂದಿಟ್ಟುಕೊಂಡು ಕೂತಿದ್ದಾಗ ನಮ್ಮ ಯಜಮಾನರು, ಕೇಳಿದರೆ ನಿಮ್ಮಕ್ಕ ಬಂದೇ ಬರುತ್ತಾಳೆ ಎಂದರು. ಅವರು ನಲ್ಲಿ, ಪೈಪಿನ ಕೆಲಸದವರು. ನಿಮಗೆ ಹೇಗೆ ಗೊತ್ತು ಎಂದು ನಾನು ಕೇಳಿದೆ. ಅವರ ಮನೆಯ ನಲ್ಲಿಗಳನ್ನು ಇಷ್ಟು ವರ್ಷ ತಾವೇ ತಾನೆ ನೋಡಿಕೊಳ್ಳುತ್ತಿರುವುದು ಎಂದು ಏನೂ ಆಗಿಲ್ಲವೆಂಬಂತೆ ಹೇಳಿದರು. ಹನ್ನೊಂದು ವರ್ಷ ನನ್ನ ಗಂಡ ನನ್ನ ಶತ್ರುವಿನ ಮನೆಯಲ್ಲಿ ಕೂತು ಚಹಾ ಕುಡಿದು ಬಂದಿದ್ದಾರೆ. ಪರೀಕ್ಷೆಯಲ್ಲಿ ಈ ಮನುಷ್ಯ ಯಾವತ್ತೂ ನೂರಕ್ಕೆ ಹದಿನೈದು ದಾಟಿದವರಲ್ಲ. ಎರಡು ದಿನ ನಾನು ಅವರ ಮುಂದೆ ತಟ್ಟೆಯನ್ನು ಇಡುತ್ತಿರಲಿಲ್ಲ, ಕುಕ್ಕುತ್ತಿದ್ದೆ.

ಅಕ್ಕ ಶಾಲಾ ಸಮವಸ್ತ್ರ ಹೊಲಿಯುವ ಒಂದು ಅಂಗಡಿಯಲ್ಲಿ ಕಾಜಾ ಗುಂಡಿ ಹಾಕುತ್ತಾಳೆ. ನಾನು ಹೋದಾಗ ಅವಳ ಎಡಗಡೆ ಗುಂಡಿಯಿಲ್ಲದ ನೀಲಿ ಅಂಗಿಗಳ ಗುಡ್ಡ, ಬಲಗಡೆ ಗುಂಡಿ ಬಿದ್ದ ಅಂಗಿಗಳ ಗುಡ್ಡ. ನಡುವೆ ಅವಳ ತಲೆ ಮಾತ್ರ ಕಾಣುತ್ತಿತ್ತು, ಅದೂ ಅರ್ಧ ಬೆಳ್ಳಗಾಗಿತ್ತು. ಏನೆಂದು ಮಾತು ಶುರು ಮಾಡಬೇಕೆಂದು ತಿಳಿಯದೆ, ಅಳತೆ ಕೊಡಲು ಬಂದ ಗಿರಾಕಿಯಂತೆ ನಿಂತು, ಒಂದು ಅರ್ಜಿಗೆ ನಿಮ್ಮ ಸಹಿ ಬೇಕಿತ್ತು ಎಂದು ಬಹುವಚನದಲ್ಲಿ ಕೇಳಿದೆ. ಅವಳು ಬಾಯಿಂದ ದಾರ ತೆಗೆದು, ಕನ್ನಡಕ ಹಾಕಿಕೊಂಡು, ಅರ್ಜಿಯನ್ನು ಮೇಲಿಂದ ಕೆಳಗೆ ಓದಿದಳು. ಶತ್ರುತ್ವದ ಅವಧಿ ಎಂಬಲ್ಲಿ ನಾನು ಹನ್ನೊಂದು ವರ್ಷ ಎಂದು ಬರೆದಿದ್ದೆ. ಅವಳು ಪೆನ್ನು ತೆಗೆದುಕೊಂಡು ಅದರ ಮುಂದೆ ನಾಲ್ಕು ತಿಂಗಳು ಎಂದು ಸೇರಿಸಿದಳು.

"ಎಲ್ಲಿ ಸಹಿ ಹಾಕ್ಬೇಕು?" ಎಂದಳು.

ನಾನು ಗೆರೆ ತೋರಿಸಿದೆ. ಅವಳು ಹಾಕಿಬಿಟ್ಟಳು. ನನಗೆ ಎಂಥಾ ಅವಮಾನವಾಯಿತು! ಸ್ವಲ್ಪವಾದರೂ ಹಿಂದುಮುಂದು ನೋಡಬಾರದೆ. ನಾನು ನಿನ್ನ ಶತ್ರು ಅಲ್ಲ ಕಣೇ ಎಂದು ಒಂದು ಮಾತಾದರೂ ಅನ್ನಬಾರದೆ. ಭಾವಚಿತ್ರ ಕೇಳಿದರೆ ಪರ್ಸಿನಿಂದ ತೆಗೆದು ಅದನ್ನೂ ಕೊಟ್ಟಳು. ಅಲ್ಲಿ ಬಂದು ತಾನು ಏನು ಮಾಡಬೇಕೆಂದು ಕೇಳಿದಳು. ಸುಮ್ಮನೆ ಕುರ್ಚಿಯ ಮೇಲೆ ಕೂರಬೇಕು, ಹತ್ತು ನಿಮಿಷ ನಾನು ಪ್ರೀತಿಸುತ್ತೇನೆ, ಆಮೇಲೆ ಹೋಗಬಹುದು ಎಂದು ವಿವರಿಸಿದೆ. ಶನಿವಾರ ಅರ್ಧ ದಿನ ರಜೆ ಇದೆ, ಬರುತ್ತೇನೆ ಎಂದು ಅವಳು ಮುಂದಿನ ಅಂಗಿ ಕೈಗೆತ್ತಿಕೊಂಡಳು.

ಬಾಯಿಪಾಠ ಮಾಡಿದ ಹಾಗೆ ಇದನ್ನೂ ಅಭ್ಯಾಸ ಮಾಡಿದರೆ ಆಯಿತು ಎಂದು ನಾನು ಅಂದುಕೊಂಡಿದ್ದೆ. ಬೆಳಿಗ್ಗೆ ಐದರಿಂದ ಆರರವರೆಗೆ ಸಮಯ ಗೊತ್ತುಮಾಡಿಕೊಂಡೆ. ಒಂದು ಕುರ್ಚಿಯ ಮೇಲೆ ದಿಂಬು ನಿಲ್ಲಿಸಿ, ಅದನ್ನು ಅಕ್ಕ ಎಂದುಕೊಂಡು, ಎದುರು ಕೂತು ಪ್ರೀತಿಯ ಬಗ್ಗೆ ಇರುವ ವಚನಗಳನ್ನೆಲ್ಲ ಒಂದಾದ ಮೇಲೊಂದು ಹೇಳಿದೆ. ದಿಂಬಿನ ಮೇಲೆ ನನಗೆ ಯಾವ ದ್ವೇಷವೂ ಹುಟ್ಟಲಿಲ್ಲ, ಹಾಗಾಗಿ ಮೊದಲ ಎರಡು ದಿನ ಪ್ರಗತಿ ಚೆನ್ನಾಗಿದೆ ಎನಿಸಿತು. ಮೂರನೆಯ ದಿನ ದಿಂಬಿಗೆ ಅಕ್ಕನ ಭಾವಚಿತ್ರದ ಇನ್ನೊಂದು ಪ್ರತಿ ಅಂಟಿಸಿದೆ. ಹದಿನಾಲ್ಕು ವಚನ ಮುಗಿಯುವ ಹೊತ್ತಿಗೆ ದಿಂಬು ಗೋಡೆಗೆ ಹೋಗಿ ಬಡಿದಿತ್ತು. ನಾನೇ ಎಸೆದದ್ದು. ಕಪಾಟಿನೊಳಗಿಂದ ಅಷ್ಟೂ ಹಲ್ಲುಸೆಟ್ಟುಗಳು ನನ್ನ ಕಡೆ ಹಲ್ಲು ಕಿರಿಯುತ್ತಿದ್ದವು.

ಅವತ್ತು ಮಧ್ಯಾಹ್ನ ಕೈ ಖಾಲಿ ಇದ್ದಾಗ ಸುಮ್ಮನೆ ನನ್ನ ಬಾಯಿಯ ಅಚ್ಚನ್ನೇ ತೆಗೆದು ನೋಡಿದೆ. ಅಚ್ಚು ನೋಡಿದರೆ ಸಾಕು, ಯಾರು ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆಂದು ನಾನು ಹೇಳಬಲ್ಲೆ. ದವಡೆ ಹಲ್ಲುಗಳ ತುದಿ ಸವೆದು ಚಪ್ಪಟೆಯಾಗಿರುತ್ತದೆ. ನನ್ನವು ಅಂಗಳದ ಹಾಸುಗಲ್ಲಿನಂತೆ ಸಪಾಟಾಗಿದ್ದವು. ಹನ್ನೊಂದು ವರ್ಷ ನಾನು ಹಗಲೆಲ್ಲ ವಚನ ಹೇಳಿ ರಾತ್ರಿಯೆಲ್ಲ ಅಕ್ಕನನ್ನು ಅಗಿದಿದ್ದೆ. ನನಗೆ ಹೆದರಿಕೆಯಾಯಿತು, ಅದೂ ಪರೀಕ್ಷೆಯ ಹೆದರಿಕೆಯಲ್ಲ.

ಯಜಮಾನರಿಗೆ ಅಚ್ಚು ತೋರಿಸಿದೆ. ನೀವು ಹೇಗೆ ಅವಳ ಮನೆಗೆ ಹೋಗಿಬರುತ್ತಿದ್ದಿರಿ, ಅಮ್ಮನ ವಿಷಯದಲ್ಲಿ ನಿಮಗೆ ಸಿಟ್ಟು ಬರಲಿಲ್ಲವೆ, ನಿಮ್ಮನ್ನೂ ಅಮ್ಮ ಮಗನಂತೆ ನೋಡಿಕೊಂಡಿದ್ದಳಲ್ಲ ಎಂದು ಕೇಳಿದೆ. ಅವರು ಅಚ್ಚನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಬರದೆ ಏನು, ಬಂತು," ಎಂದರು. "ಅವರ ಬಾಗಿಲ ಹತ್ರ ನಿಂತು, ಕರ್ತನೇ, ಇದು ನನ್ನ ಕೈಲಿ ಆಗಲ್ಲ, ನೀನೇ ಮಾಡ್ಸು ಅಂತೀನಿ. ಆಮೇಲೆ ಬಾಗಿಲು ತಟ್ತೀನಿ. ನಲ್ಲೀಲಿ ನೀರು ಹುಟ್ಟಲ್ಲ ನೋಡು. ಅದು ಮೇಲಿಂದ ಬರ್ಬೇಕು."

ಪೈಪಿನ ಕೆಲಸದವರಿಗೆ ದೇವರೂ ಒಂದು ಟ್ಯಾಂಕಿನ ಹಾಗೆ ಕಾಣುತ್ತಾನೆ ಎಂದು ನಾನು ಮೂಗು ಮುರಿದೆ. ಅವರು ಹೇಳಿದ್ದಕ್ಕೆ ಹೊಂದುವ ವಚನಗಳು ಏಳು ಇವೆ ಎಂದು ಸಂಖ್ಯೆ ಸಮೇತ ಹೇಳಿದೆ. ಅವರು, ಏಳು ಇದೆಯಾ, ನನಗೆ ಗೊತ್ತಿರಲಿಲ್ಲ ಎಂದು ನಿಜವಾಗಿ ಆಶ್ಚರ್ಯಪಟ್ಟರು.

ಶನಿವಾರ ಬಂತು. ನಮ್ಮ ಸಭೆ ಸೇರುವುದು ಟೈರು ಅಂಗಡಿಯ ಮೇಲಿನ ಮಹಡಿಯಲ್ಲಿ. ಸೆಕೆಯ ದಿನಗಳಲ್ಲಿ ಪ್ರಾರ್ಥನೆಗೂ ರಬ್ಬರಿನ ವಾಸನೆ ಹತ್ತಿರುತ್ತದೆ. ಪರೀಕ್ಷಕರು ಬೆಂಚುಗಳನ್ನು ಗೋಡೆಗೆ ಸರಿಸಿ, ನಡುವೆ ಎರಡು ಕುರ್ಚಿ ಎದುರುಬದುರು ಇಟ್ಟು, ಸುತ್ತ ಶಂಕುಗಳನ್ನು ನಿಲ್ಲಿಸಿದ್ದರು. ಅವರ ಕೈಯಲ್ಲಿ ಹಲಗೆ, ಹಲಗೆಗೆ ಸಿಕ್ಕಿಸಿದ ಹಾಳೆ. ಮುಖಭಾವಕ್ಕೆ ಹತ್ತು, ದನಿಗೆ ಹತ್ತು, ಹೀಗೆ ಕಲಮುಗಳು. ವಚನ ಹೇಳುವುದಕ್ಕೆ ಅಡ್ಡಿಯಿಲ್ಲ, ಆದರೆ ಅದಕ್ಕೆ ಅಂಕವಿಲ್ಲ ಎಂದು ಮೊದಲೇ ಸ್ಪಷ್ಟಪಡಿಸಿದರು, ನನ್ನ ಕಡೆ ನೋಡಿಯೇ ಸ್ಪಷ್ಟಪಡಿಸಿದರು.

ಗಾಯನದ ನಾಯಕಿಯೂ ಆರ್ಗನ್ನಿನವರೂ ಮೊದಲು ಕೂತರು. ಇಬ್ಬರೂ ಅಭ್ಯರ್ಥಿ, ಇಬ್ಬರೂ ಶತ್ರು. ಮೊದಲು ನಾನು ಕ್ಷಮಿಸುತ್ತೇನೆ ಎಂದು ಆಕೆ, ಇಲ್ಲ, ನಾನು ಆಗಲೇ ಮನೆಯಲ್ಲೇ ಕ್ಷಮಿಸಿ ಬಂದಿದ್ದೇನೆ ಎಂದು ಇವರು. ಯಾರು ಮೊದಲೆಂಬ ಜಗಳ ಮೂರನೆಯ ನಿಮಿಷಕ್ಕೆ ಕುರ್ಚಿ ಬಿಟ್ಟು ಎದ್ದು ನಿಲ್ಲುವವರೆಗೆ ಹೋಯಿತು. ಪರೀಕ್ಷಕರು ಸೀಟಿ ಊದಿ ಇಬ್ಬರನ್ನೂ ಫೇಲು ಮಾಡಿದರು. ಅವರ ನಂತರ ಸಭಾಪಾಲಕರು ತಮ್ಮ ಭಾವಮೈದುನನನ್ನು ಕರೆತಂದಿದ್ದರು. ಹತ್ತು ನಿಮಿಷವೂ ಅವನ ಕೈ ಹಿಡಿದು ಕುಲುಕುತ್ತಲೇ ಇದ್ದು, ಕೈ ಬಿಡಿಸಿಕೊಳ್ಳಲು ಬಿಡಲಿಲ್ಲವೆಂಬ ಕಾರಣಕ್ಕೆ ಅಂಕ ಕಳೆದುಕೊಂಡು, ಕೂದಲೆಳೆಯಲ್ಲಿ ಪಾಸಾದರು.

ನಮ್ಮ ಸರದಿ ಬಂದಾಗ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಹೊಸ್ತಿಲು ದಾಟಿದಳು. ಅವಳ ಬಟ್ಟೆಗೆ ಅಲ್ಲಲ್ಲಿ ನೀಲಿ ದಾರದ ಚೂರುಗಳು ಅಂಟಿದ್ದವು. ನಾವು ಎದುರುಬದುರು ಕೂತೆವು. ನಾನು ತುಟಿಯ ಮೇಲೆ ನಗೆ ಇಟ್ಟುಕೊಂಡೆ, ಹಲ್ಲು ಜೋಡಿಸುವವಳಿಗೆ ಅದೇನು ಕಷ್ಟದ ಕೆಲಸವಲ್ಲ. ಪರೀಕ್ಷಕರು ಒಂದು ನಿಯಮ ಓದಿದರು. ಶತ್ರುವು ಶತ್ರುತ್ವದ ಕಾರಣವನ್ನು ತನ್ನದೇ ಮಾತಿನಲ್ಲಿ ಹೇಳತಕ್ಕದ್ದು, ಹೇಳುವಷ್ಟು ಹೊತ್ತೂ ಅಭ್ಯರ್ಥಿಯು ಪ್ರೀತಿಸುತ್ತಿರತಕ್ಕದ್ದು. ಆಮೇಲೆ ಗಡಿಯಾರ ಒತ್ತಿದರು.

ಅಕ್ಕ ತನ್ನ ಕೈಗಳನ್ನು ನೋಡಿಕೊಂಡು ಮಾತಾಡಿದಳು.

"ಅಮ್ಮ ಹೋದಾಗ ಇವಳು ಇರ್ಲಿಲ್ಲ. ನಾನೇ ಮನೆಗೆ ಕಳ್ಸಿದ್ದೆ. ಅದಕ್ಕೇ ಸಿಟ್ಟು. ಆಮೇಲೆ ನಾನು ಇಲ್ಲೇ ನಿಂತು, ಅಮ್ಮ ನನ್ನ ಕೈ ಹಿಡ್ಕೊಂಡು ನನ್ನ ಕರೆದ್ಲು ಅಂತ ಸಾಕ್ಷಿ ಹೇಳ್ದೆ." ಬಟ್ಟೆಗೆ ಅಂಟಿದ್ದ ದಾರದ ಚೂರೊಂದನ್ನು ಕಿತ್ತಳು. "ಅದು ಸುಳ್ಳು. ಅಮ್ಮ ಕರೆದ್ಲೋ ಇಲ್ವೋ ನಂಗೆ ಗೊತ್ತಿಲ್ಲ. ನಾನು ಕುರ್ಚೀಲಿ ಕೂತ್ಕೊಂಡೇ ನಿದ್ದೆ ಹೋಗಿದ್ದೆ. ಎಚ್ಚರ ಆದಾಗ ಅಮ್ಮನ ಕೈ ತಣ್ಣಗಿತ್ತು. ಎಲ್ರೂ ಕೇಳಿದ್ರು, ಕೊನೇಲಿ ಏನಂದ್ರು, ಏನಂದ್ರು ಅಂತ. ಏನು ಹೇಳ್ಲಿ ನಾನು."

ಕೆಳಗಡೆ ಟೈರು ಅಂಗಡಿಯಲ್ಲಿ ಯಾರೋ ಚಕ್ರಕ್ಕೆ ಸುತ್ತಿಗೆಯಿಂದ ಬಡಿಯುತ್ತಿದ್ದರು.

ನನಗೆ ಮೊದಲು ಅನಿಸಿದ್ದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನನಗೆ ಸಂತೋಷವಾಯಿತು. ಅಮ್ಮನ ಕೊನೆಯ ಮಾತು ಅವಳಿಗೂ ಸಿಕ್ಕಿರಲಿಲ್ಲ. ಆ ಸಂತೋಷ ಒಂದು ಉಸಿರಿನಷ್ಟು ಹೊತ್ತೂ ಬಾಳಲಿಲ್ಲ. ಅಂದರೆ ಅಮ್ಮ ಒಬ್ಬಳೇ ಹೋದಳು. ಕಣ್ಣು ಬಿಟ್ಟು ನೋಡಿದಾಗ ಒಬ್ಬ ಮಗಳು ಮನೆಯಲ್ಲಿರಲಿಲ್ಲ, ಇನ್ನೊಬ್ಬಳು ನಿದ್ದೆಯಲ್ಲಿದ್ದಳು. ನನ್ನನ್ನು ಕಳಿಸದೆ ಇದ್ದಿದ್ದರೆ ನಾನಾದರೂ ಎಚ್ಚರವಿರುತ್ತಿದ್ದೆ. ಹನ್ನೊಂದು ವರ್ಷದ ಸಿಟ್ಟು ಈ ಹೊಸ ಸಿಟ್ಟಿನ ಮುಂದೆ ಏನೂ ಅಲ್ಲ. ಸುಳ್ಳು ಹೇಳುವವರ ಮೇಲಿನ ವಚನಗಳು, ಎಚ್ಚರವಾಗಿರಬೇಕಾದಾಗ ನಿದ್ದೆ ಹೋದವರ ಮೇಲಿನ ವಚನಗಳು, ತಂದೆತಾಯಿಯರ ಮೇಲಿನ ವಚನಗಳು, ಎಲ್ಲ ಅಧ್ಯಾಯದ ಸಂಖ್ಯೆ ಹೊತ್ತುಕೊಂಡು ನನ್ನ ನಾಲಿಗೆಯ ತುದಿಗೆ ಬಂದು ಸಾಲುಗಟ್ಟಿ ನಿಂತವು. ಒಂದೊಂದನ್ನೂ ಅವಳ ಮೇಲೆ ಕಲ್ಲಿನ ಹಾಗೆ ಎಸೆಯಬಹುದಿತ್ತು. ಅವಳಿಗೆ ಅದು ಗೊತ್ತಿತ್ತು. ತಲೆ ತಗ್ಗಿಸಿ ಕಾಯುತ್ತಿದ್ದಳು.

ಪ್ರೀತಿ ಎಲ್ಲಾದರೂ ಒಂದಿಷ್ಟು ಇದೆಯೇ ಎಂದು ನಾನು ಒಳಗೆಲ್ಲ ಹುಡುಕಿದೆ. ಒಂದು ಹನಿಯೂ ಇರಲಿಲ್ಲ. ಒಂಬತ್ತು ವರ್ಷ ಮೊದಲು ಬಂದವಳ ಹತ್ತಿರ ಒಂದು ಹನಿಯೂ ಇಲ್ಲ. ಬಾಯಿ ತೆರೆದರೆ ಏನಾಗುತ್ತದೋ ಎಂದು ಹೆದರಿ, ಎದುರಿಗಿದ್ದವರಲ್ಲಿ ಯಾರಿಗೂ ಅಲ್ಲದೆ, ಕಾಣದ ಇನ್ನೊಬ್ಬನಿಗೆ ಹೇಳಿದೆ.

"ನನ್ನ ಕೈಲಿ ಆಗಲ್ಲ."

ಪರೀಕ್ಷಕರು ಅದು ತಮಗೆ ಹೇಳಿದ್ದೆಂದು ತಿಳಿದರು. ಸೀಟಿ ಊದಿ ಗಡಿಯಾರ ನಿಲ್ಲಿಸಿದರು. ಅಭ್ಯರ್ಥಿಯು ತನ್ನಿಂದ ಸಾಧ್ಯವಿಲ್ಲವೆಂದು ತಾನೇ ಒಪ್ಪಿಕೊಂಡಿರುತ್ತಾರೆ ಎಂದು ಗಟ್ಟಿಯಾಗಿ ಓದುತ್ತಾ ಬರೆದುಕೊಂಡರು. ನಲವತ್ತಕ್ಕೆ ಸೊನ್ನೆ. ಇನ್ನೂ ಆರು ನಿಮಿಷ ಉಳಿದಿತ್ತು. ಟೀಚರಮ್ಮ ಚ್ಚು ಚ್ಚು ಎಂದರು. ಅಲ್ಲಿಗೆ ನನ್ನ ಹತ್ತನೆಯ ಫಲಕವೂ ಹೋಯಿತು, ಪ್ರಶ್ನೆಪತ್ರಿಕೆಯ ಹಕ್ಕೂ ಹೋಯಿತು.

ಸೋತದ್ದಾದ ಮೇಲೆ ನನಗೆ ಮಾಡಲು ಏನೂ ಕೆಲಸ ಉಳಿಯಲಿಲ್ಲ. ಮುಖಭಾವ ಬೇಡ, ದನಿ ಬೇಡ. ಸುಮ್ಮನೆ ಕೂತು ಅಕ್ಕನ ಮುಖ ನೋಡಿದೆ. ಕಣ್ಣಿನ ಕೆಳಗಿನ ಚರ್ಮ ಕಪ್ಪಾಗಿ ಜೋಲುಬಿದ್ದಿತ್ತು. ರೆಪ್ಪೆಗಳು ಕೆಂಪಗೆ ಊದಿದ್ದವು. ಆಗ ನನ್ನ ಬಾಯಿಂದ ಒಂದು ಮಾತು ಬಂತು. ಅದನ್ನು ನಾನು ಯೋಚಿಸಿರಲಿಲ್ಲ, ಅದು ಯಾವ ಅಧ್ಯಾಯದಲ್ಲೂ ಇಲ್ಲ, ಅಂಥದ್ದನ್ನು ಕೇಳುವ ಮನಸ್ಸು ಆ ಗಳಿಗೆಯವರೆಗೆ ನನ್ನಲ್ಲಿ ಇರಲೂ ಇಲ್ಲ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ.

"ಅಕ್ಕಾ, ಅವತ್ತಿಗೆ ನೀನು ನಿದ್ದೆ ಮಾಡಿ ಎಷ್ಟು ದಿನ ಆಗಿತ್ತು?"

ಅವಳು ತಲೆ ಎತ್ತಿದಳು. ಬೆರಳು ಮಡಿಸಿ ಲೆಕ್ಕ ಹಾಕಿದಳು. ಅದರಲ್ಲಿ ದೂರು ಇರಲಿಲ್ಲ, ಕೇಳಿದ್ದಕ್ಕೆ ಸರಿಯಾಗಿ ಹೇಳಬೇಕೆಂಬ ಕಾಳಜಿಯಷ್ಟೇ ಇತ್ತು.

"ಒಂಬತ್ತು," ಎಂದಳು. "ನೀನು ಸಂಜೆ ಹೋಗ್ತಿದ್ಯಲ್ಲ. ಆಮೇಲೆ ಬೇರೆ ಯಾರು ಕೂತ್ಕೋತಾರೆ."

ಆ ಪ್ರಶ್ನೆಯನ್ನು ಹನ್ನೊಂದು ವರ್ಷ ನಾನು ನನಗೇ ಕೇಳಿಕೊಂಡಿರಲಿಲ್ಲ. ಈಗಲಾದರೂ ನಿದ್ದೆ ಬರುತ್ತದೆಯೇ ಎಂದು ಕೇಳಿದೆ. ಅವಳು ಇಲ್ಲವೆಂದು ತಲೆಯಾಡಿಸಿದಳು.

"ಕಣ್ಣು ಮುಚ್ಚಿದ್ರೆ ಯಾರೋ ಹೊರಟು ಹೋಗ್ಬಿಡ್ತಾರೆ ಅನ್ಸುತ್ತೆ," ಎಂದಳು.

ಅಷ್ಟು ಹೇಳಿದ್ದೇ ತಡ, ನನ್ನ ಒಳಗೆ ಎಲ್ಲಿಂದಲೋ ಏನೋ ತುಂಬಿಕೊಂಡು ಬಂತು. ಅಕ್ಕನ ಮೇಲೆ ಪ್ರೀತಿ ಬಂತು. ನಾನು ಅಭ್ಯಾಸ ಮಾಡಿದ ತರಹದ್ದಲ್ಲ, ನನಗೆ ಗೊತ್ತಿದ್ದ ತರಹದ್ದೂ ಅಲ್ಲ. ಒಂದು ನಿಮಿಷದ ಹಿಂದೆ ಹುಡುಕಿದಾಗ ಅದು ನನ್ನಲ್ಲಿ ಇರಲಿಲ್ಲ, ಆದ್ದರಿಂದ ಅದು ನನ್ನದಲ್ಲ. ಕೊಟ್ಟವನು ಯಾರೆಂದು ನನಗೆ ಗೊತ್ತಿತ್ತು, ಅವನ ಬಗ್ಗೆ ಅಷ್ಟೊಂದು ಬಾಯಿಪಾಠ ಮಾಡಿದವಳಲ್ಲವೇ ನಾನು. ಅವನು ಹೀಗೆ ಎದ್ದು ಬರಬಲ್ಲನೆಂದು ಮಾತ್ರ ನಾನು ಒಂದು ದಿನವೂ ಎಣಿಸಿರಲಿಲ್ಲ. ಕುರ್ಚಿ ಎತ್ತಿಕೊಂಡು ಹೋಗಿ ಅವಳ ಪಕ್ಕಕ್ಕೆ ಹಾಕಿಕೊಂಡೆ. ಹೋಗುವಾಗ ಎರಡು ಶಂಕು ಉರುಳಿಬಿದ್ದವು.

"ಮಲಗು," ಎಂದೆ. "ನಾನು ಎದ್ದಿರ್ತೀನಿ."

ಅವಳು ಸಭೆಯ ಕಡೆ ಒಮ್ಮೆ, ಪರೀಕ್ಷಕರ ಕಡೆ ಒಮ್ಮೆ ನೋಡಿ ಸಂಕೋಚಪಟ್ಟಳು. ಆಮೇಲೆ ನನ್ನ ಭುಜದ ಮೇಲೆ ತಲೆ ಇಟ್ಟಳು. ಮೂರು ಉಸಿರಿಗೆ ನಿದ್ದೆ ಹೋದಳು. ಗೊರಕೆಯೂ ಶುರುವಾಯಿತು.

ಪರೀಕ್ಷಕರಿಗೆ ಇದು ನಿಯಮದಲ್ಲಿ ಎಲ್ಲೂ ಇರಲಿಲ್ಲ. ಫೇಲಾದ ಅಭ್ಯರ್ಥಿಯು ಶತ್ರುವನ್ನು ಕರೆದುಕೊಂಡು ಕೂಡಲೇ ಜಾಗ ಖಾಲಿ ಮಾಡತಕ್ಕದ್ದು ಎಂದು ಓದಿದರು. ಇನ್ನೂ ಏಳು ಜನರ ಪರೀಕ್ಷೆ ಬಾಕಿಯಿದೆ, ಈ ಎರಡು ಕುರ್ಚಿಗಳು ಬೇಕು ಎಂದರು. ಕ್ಷೌರದಂಗಡಿಯವರು ಎರವಲು ತಂದ ಶತ್ರುವಿನ ತೋಳು ಹಿಡಿದುಕೊಂಡು ಕಾಯುತ್ತಿದ್ದರು, ಸಂಜೆ ಐದಕ್ಕೆ ಅವನನ್ನು ವಾಪಸ್ ಮುಟ್ಟಿಸಬೇಕೆಂದು ಟೀಚರಮ್ಮ ಗಡುವು ಕೊಟ್ಟಿದ್ದರಂತೆ. ನಾನು ಏಳಲಿಲ್ಲ. ಫಲಿತಾಂಶದ ಹಾಳೆಗೆ ಸಹಿ ಹಾಕಿ ಎಂದು ಮುಂದೆ ಹಿಡಿದರು. ಅಕ್ಕನ ತಲೆ ನನ್ನ ಬಲಭುಜದ ಮೇಲಿತ್ತು. ಎಡಗೈಯಲ್ಲೇ ಏನೋ ಗೀಚಿದೆ. ಇದು ಅರ್ಜಿಯಲ್ಲಿರುವ ಸಹಿಗೆ ಹೊಂದುವುದಿಲ್ಲ ಎಂದು ಅವರು ಗೊಣಗಿದರು.

ಸೀಟಿಯನ್ನು ಮತ್ತೆ ತುಟಿಗೆ ಇಟ್ಟರು. ಊದುವುದಕ್ಕೆ ಮುಂಚೆ ಅಕ್ಕನ ಮುಖ ನೋಡಿದರು. ಮೂವತ್ತು ವರ್ಷ ಜನ ಎದುರಿಗೆ ಬಂದವರನ್ನು ನೋಡಿ ಗಾಡಿ ನಿಲ್ಲಿಸುತ್ತಾರೋ ಇಲ್ಲವೋ ಎಂದು ನೋಡಿದ ಕಣ್ಣುಗಳವು. ಸೀಟಿಯನ್ನು ಕೆಳಗಿಳಿಸಿ, ಉರುಳಿದ ಶಂಕುಗಳನ್ನು ಸದ್ದಾಗದಂತೆ ಎತ್ತಿ, ನಮ್ಮಿಬ್ಬರ ಸುತ್ತ ಹತ್ತಿರ ಹತ್ತಿರ ನಿಲ್ಲಿಸಿದರು, ರಸ್ತೆಯಲ್ಲಿ ಕೆಲಸ ನಡೆಯುವ ಕಡೆ ನಿಲ್ಲಿಸುವ ಹಾಗೆ. ಉಳಿದವರ ಪರೀಕ್ಷೆಯನ್ನು ಹೊರಗೆ ಮೆಟ್ಟಿಲ ಮೇಲೆ ನಡೆಸುವುದಾಗಿ ಪಿಸುಮಾತಿನಲ್ಲಿ ಹೇಳಿ ಎಲ್ಲರನ್ನೂ ತುದಿಗಾಲಲ್ಲಿ ಹೊರಗೆ ಕರೆದುಕೊಂಡು ಹೋದರು. ನಮ್ಮ ಯಜಮಾನರು ಕಿಟಕಿ ಮುಚ್ಚಿ, ಕೆಳಗೆ ಹೋಗಿ ಟೈರು ಅಂಗಡಿಯವರ ಹತ್ತಿರ ಏನೋ ಮಾತಾಡಿದರು. ಸುತ್ತಿಗೆಯ ಸದ್ದು ನಿಂತಿತು.

ಅಕ್ಕ ನಾಲ್ಕು ಗಂಟೆ ಮಲಗಿದಳು. ನನ್ನ ಭುಜ ಮರಗಟ್ಟಿತು, ಆಮೇಲೆ ನೋಯಿತು, ಆಮೇಲೆ ಇದೆಯೋ ಇಲ್ಲವೋ ತಿಳಿಯದಂತಾಯಿತು. ನನಗೂ ಎರಡು ಸಲ ತೂಕಡಿಕೆ ಬಂತು, ಇದೊಂದನ್ನು ಮಾಡಿಸು ಎಂದು ಕೇಳಿಕೊಂಡೆ, ಹೋಯಿತು. ವಚನ ಯಾವುದೂ ನೆನಪಾಗಲಿಲ್ಲ, ನೆನಪು ಮಾಡಿಕೊಳ್ಳಲೂ ಇಲ್ಲ. ಬಿಸಿಲು ಗೋಡೆಯಿಂದ ಇಳಿದು ನೆಲಕ್ಕೆ ಬರುವ ಹೊತ್ತಿಗೆ ಅವಳು ಬೆಚ್ಚಿಬಿದ್ದು ಎಚ್ಚರಗೊಂಡಳು. ಏನೂ ತಿಳಿಯದವಳಂತೆ ನನ್ನ ಕೈ ಹುಡುಕಿ ಹಿಡಿದುಕೊಂಡಳು, ಬೆಚ್ಚಗಿದೆಯೇ ಎಂದು ಒತ್ತಿ ನೋಡಿದಳು. ನಾನು ಅಲ್ಲೇ ಇದ್ದೆ.